‘ಅವರು’ ಅಂದರೆ ಯಾರು? ಮಂಗಳವಾರದ ಕ್ಲಿನಿಕ್ಕಿನ ಒಂದು ಪ್ರಕರಣ

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರಗಳಂದು ಕೂರುವ ಆಪ್ತಸಮಾಲೋಚಕಿ ನಾನು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಆ ದಿನ ಮನೋವೈದ್ಯರು ಬರುತ್ತಾರೆ. ಅವರ ಪಕ್ಕದ ಕೋಣೆ ನನ್ನದು. ಕೋಣೆ ಅಂದರೆ ಒಂದು ಮೇಜು, ಮೂರು ಕುರ್ಚಿ, ಮೂಲೆಯಲ್ಲಿ ಖಾಲಿ ರಟ್ಟಿನ ಡಬ್ಬಗಳು, ಚಿಲಕ ಸರಿಯಾಗಿ ಬೀಳದ ಒಂದು ಬಾಗಿಲು. ಗುಟ್ಟಿನ ಮಾತು ಇದ್ದರೆ ಒಂದು ಕುರ್ಚಿಯನ್ನು ಬಾಗಿಲಿಗೆ ಒತ್ತರಿಸಿ ಇಡುತ್ತೇನೆ.

ಇಲ್ಲಿ ಹೇಳುತ್ತಿರುವ ಹುಡುಗಿಯನ್ನು ಗಂಗಾ ಅಂತ ಕರೆಯೋಣ. ಹೆಸರು ಅದಲ್ಲ. ಗುರುತು ಸಿಗಬಹುದಾದ ವಿವರಗಳನ್ನು ಬದಲಾಯಿಸಿದ್ದೇನೆ, ವರ್ಷವನ್ನು ಬೇಕೆಂದೇ ಹಾಕಿಲ್ಲ. ಬರೆದದ್ದನ್ನು ಅವಳ ಮುಂದೆ ಓದಿದೆ. ಎರಡು ಸಾಲು ತೆಗೆಸಿದಳು, ಒಂದು ಸಾಲು ಸೇರಿಸಿದಳು. ಸೇರಿಸಿದ ಸಾಲು ಮುಂದೆ ಬರುತ್ತದೆ.

ಬಂದಾಗ ಹೇಗಿದ್ದಳು

ಶ್ರಾವಣದ ಎರಡನೇ ಮಂಗಳವಾರ. ಆಶಾ ಕಾರ್ಯಕರ್ತೆ ಕರೆದುಕೊಂಡು ಬಂದರು, ಜೊತೆಗೆ ತಾಯಿ. ಗಂಗಾಗೆ 24 ವರ್ಷ. ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ಬಿಟ್ಟು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದವಳು, ಕಾಲರ್ ಹೊಲಿಯುವ ಟೈಲರ್. ಮನೆಯಲ್ಲಿ ಒಂದೂವರೆ ಎಕರೆ ಹಿಪ್ಪುನೇರಳೆ, ವರ್ಷವಿಡೀ ರೇಷ್ಮೆ ಹುಳ. ಅಪ್ಪ, ಅಮ್ಮ, ಐಟಿಐ ಓದುವ ತಮ್ಮ, ಗಂಡ ತೀರಿಕೊಂಡು ತವರಿಗೆ ಬಂದು ಇಪ್ಪತ್ತು ವರ್ಷವಾದ ಸೋದರತ್ತೆ.

ಅವಳು ಗೋಡೆ ನೋಡುತ್ತಾ ಕೂತಿದ್ದಳು. ತಾಯಿಯೇ ಮಾತಾಡಿದರು. "ಎರಡು ಮೂರು ತಿಂಗಳಿಂದ ಹಿಂಗೇ ಮೇಡಂ. ಮುದ್ದೆ ಮುಂದೆ ಇಟ್ರೆ ಹಂಗೇ ಆರಿಹೋಗ್ತದೆ. ರಾತ್ರಿ ಎಲ್ಲ ಎದ್ದು ಕೂತಿರ್ತಾಳೆ. ಈಗ ಒಂದು ತಿಂಗಳಿಂದ ಬೀಳೋಕೆ ಶುರು ಮಾಡಿದಾಳೆ, ಹಲ್ಲು ಕಚ್ಕೊಂಡು." ಎಡ ತೋಳಿನಲ್ಲಿ ಹೊಸ ತಾಯತ ಇತ್ತು. ಗಾಳಿ ಸೋಕಿದೆ ಅಂತ ಯಾರೋ ಹೇಳಿದ್ದಕ್ಕೆ ಎರಡು ಅಮಾವಾಸ್ಯೆ ನಿಂಬೆಹಣ್ಣು ಕೊಯ್ಸಿದ್ದರು, ಒಂದು ಕೋಳಿ ಕೊಟ್ಟಿದ್ದರು. ಒಬ್ಬ ಖಾಸಗಿ ಡಾಕ್ಟರು ಡ್ರಿಪ್ ಹಾಕಿ, ಶಕ್ತಿಗೆ ಅಂತ ಇಂಜೆಕ್ಷನ್ ಕೊಟ್ಟು, "ಬೇಗ ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ" ಅಂದಿದ್ದರಂತೆ. ನಮ್ಮ ಕಡೆ ಹೆಣ್ಣುಮಕ್ಕಳ ತಲೆನೋವಿನಿಂದ ಹಿಡಿದು ಮೂರ್ಛೆವರೆಗೆ ಎಲ್ಲದಕ್ಕೂ ಇದೇ ಮದ್ದು. ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಿಲ್ಲ, ಅಷ್ಟೇ.

ಮೊದಲು ದೇಹದ ಲೆಕ್ಕ. ಹತ್ತಿರ ಹತ್ತಿರ ಏಳು ಕೆಜಿ ಇಳಿದಿದ್ದಳು. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 9.1, ಅಂದರೆ ರಕ್ತ ಕಡಿಮೆ. ಕಬ್ಬಿಣದ ಮಾತ್ರೆ ಶುರುವಾಯಿತು. ಬೀಳುವುದರ ಬಗ್ಗೆ ವೈದ್ಯರು ತುಂಬಾ ಹೊತ್ತು ಕೇಳಿದರು. ಬೀಳುವಾಗ ಕಣ್ಣು ಮುಚ್ಚಿರುತ್ತದೆ, ಹತ್ತು ಹದಿನೈದು ನಿಮಿಷ ಹಾಗೇ ಇರುತ್ತಾಳೆ, ಒಂದು ಸಲವೂ ನಾಲಿಗೆ ಕಚ್ಚಿಕೊಂಡಿಲ್ಲ, ಒಲೆ ಹತ್ತಿರವೋ ಬಾವಿ ಹತ್ತಿರವೋ ಬಿದ್ದಿಲ್ಲ, ಒಬ್ಬಳೇ ಇದ್ದಾಗಲೂ ಬಿದ್ದಿಲ್ಲ. ಇದು ಫಿಟ್ಸ್ ಇರಲಾರದು, ಮನಸ್ಸು ತಡೆಯಲಾರದ್ದನ್ನು ಮೈ ಹೊರಹಾಕುತ್ತಿದೆ ಅಂದರು. ನಾಟಕ ಅಂತ ಮಾತ್ರ ಯಾರೂ ಅನ್ನಬೇಡಿ ಅಂತ ತಾಯಿಗೆ ಎರಡು ಸಲ ಹೇಳಿದರು.

ಖಿನ್ನತೆ ಅಳೆಯಲು ನಾವು ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ ಬಳಸುತ್ತೇವೆ, ಪಿಎಚ್‌ಕ್ಯೂ-9 ಅಂತ. ಒಟ್ಟು 27 ಅಂಕ, ಜಾಸ್ತಿ ಬಂದಷ್ಟೂ ಖಿನ್ನತೆ ಜಾಸ್ತಿ. ಅವಳಿಗೆ 19 ಬಂತು. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅದನ್ನು ತಾಯಿಯನ್ನು ಹೊರಗೆ ಕೂರಿಸಿ, ಬಾಗಿಲಿಗೆ ಕುರ್ಚಿ ಇಟ್ಟು ಕೇಳಿದೆ.

"ಸಾಯ್ಬೇಕು ಅಂತಲ್ಲ ಮೇಡಂ. ಇರೋದು ಬೇಡ ಅನ್ಸುತ್ತೆ. ಎರಡೂ ಒಂದೇನಾ?"

ಒಂದೇ ಅಲ್ಲ, ಆದರೆ ಅಕ್ಕಪಕ್ಕದ ಮನೆ ಅಂದೆ.

ಕೇಳಿದರೆ ತಲೆಗೆ ಇನ್ನೂ ಹೊಕ್ಕುಬಿಡುತ್ತದೆ ಅನ್ನುವ ಭಯ ಎಷ್ಟೋ ಜನಕ್ಕೆ ಇದೆ. ಹಾಗಾಗುವುದಿಲ್ಲ. ನೇರವಾಗಿ ಕೇಳಿದರೆ ಭಾರ ಇಳಿಯುತ್ತದೆ. ಅವತ್ತೇ ತಂದೆಯನ್ನು ಕರೆಸಿ, ತೋಟಕ್ಕೆ ಹೊಡೆಯುವ ಕೀಟನಾಶಕ ಮನೆಯಲ್ಲಿ ಇರಬಾರದು, ಪಂಪ್‌ಹೌಸಿನಲ್ಲಿ ಬೀಗ ಹಾಕಿಟ್ಟು ಬೀಗದ ಕೈ ನಿಮ್ಮ ಉಡಿದಾರದಲ್ಲಿ ಇರಲಿ ಅಂದೆವು. ಹಳ್ಳಿಯಲ್ಲಿ ಅದಕ್ಕೂ ‘ಔಷಧಿ’ ಅಂತಲೇ ಹೆಸರು, ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರನ್ನು ಅವಳ ಫೋನಿನಲ್ಲಿ ‘ರೇಷನ್ ಆಫೀಸ್’ ಅಂತ ಸೇವ್ ಮಾಡಿದೆವು, ಯಾಕೆಂದರೆ ತಮ್ಮ ಫೋನ್ ನೋಡುತ್ತಾನೆ. 2022ರ ಅಕ್ಟೋಬರ್ 10ರಂದು ಶುರುವಾದ ಸೇವೆ ಅದು. ಮಧ್ಯರಾತ್ರಿಯಲ್ಲೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ.

ವೈದ್ಯರು ಖಿನ್ನತೆಗೆ ಎಸ್ಸಿಟಲೋಪ್ರಾಂ ಮಾತ್ರೆ ಬರೆದರು. ಮೊದಲ ಹತ್ತು ದಿನ 5 ಮಿಲಿಗ್ರಾಂ, ಆಮೇಲೆ 10. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಅಷ್ಟರಲ್ಲಿ ಬಿಟ್ಟುಬಿಡಬೇಡ ಅಂತ ಹೇಳಿ ಕಳಿಸಿದೆವು.

ನಾನು ಮಾಡಿದ್ದು

ಈಗ ನನ್ನ ತಪ್ಪಿಗೆ ಬರುತ್ತೇನೆ. ಈ ಪ್ರಕರಣ ಬರೆಯುತ್ತಿರುವುದೇ ಅದಕ್ಕೆ.

ಮೊದಲ ದಿನ ಅವಳು ಒಬ್ಬಳೇ ಇದ್ದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಯಾವನಾದ್ರೂ ಹುಡುಗನ ವಿಷಯಾನಾ?" ಅವಳು ತಲೆ ಅಲ್ಲಾಡಿಸಿದಳು. ಇಲ್ಲ. ಎಷ್ಟು ಸಲ ಈ ಪ್ರಶ್ನೆ ಕೇಳಿದ್ದೇನೋ ಈ ಹನ್ನೊಂದು ವರ್ಷದಲ್ಲಿ! ನಾಲಿಗೆಗೆ ಅಭ್ಯಾಸವಾಗಿಬಿಟ್ಟಿದೆ.

ಎರಡನೇ ಸಲ ಬಂದಾಗ ತಾನಾಗೇ ಒಂದು ಮಾತು ಹೇಳಿದಳು. "ಅವರು ಹೋದ್ರು ಮೇಡಂ." ಯಾರು ಅಂದೆ. "ಅವರೇ." ಎಷ್ಟು ದಿನದಿಂದ ಪರಿಚಯ? "ನಾಲ್ಕು ವರ್ಷ. ಒಂದೇ ಗಾಡೀಲಿ ಹೋಗ್ತಿದ್ವಿ ಕೆಲಸಕ್ಕೆ." ಈಗ ಎಲ್ಲಿದ್ದಾರೆ? "ಮದ್ವೆ ಆಯ್ತು ಅವರಿಗೆ."

ನಮ್ಮ ಕನ್ನಡದ ‘ಅವರು’ ಎಂಥ ಪದ ನೋಡಿ. ಗಂಡೂ ಅಲ್ಲ, ಹೆಣ್ಣೂ ಅಲ್ಲ, ಬರೀ ಮರ್ಯಾದೆ. ಹೆಂಗಸರು ಗಂಡನ ಹೆಸರು ಹೇಳದೆ ಒಂದು ಜನ್ಮ ಕಳೆಯುವುದು ಈ ಪದದಲ್ಲೇ. ಹುಡುಗಿಯೊಬ್ಬಳು ಕಣ್ಣು ತಗ್ಗಿಸಿ ‘ಅವರು’ ಅಂದರೆ ನಾವು ಕೂಡಲೇ ಒಂದು ಮೀಸೆ ಅಂಟಿಸಿಬಿಡುತ್ತೇವೆ. ನಾನೂ ಅಂಟಿಸಿದೆ. ಫೈಲಿನಲ್ಲಿ ‘ಪ್ರೇಮ ವೈಫಲ್ಯ, ಹುಡುಗನಿಗೆ ಬೇರೆ ಕಡೆ ಮದುವೆ’ ಅಂತ ಬರೆದೆ. ಅಷ್ಟಕ್ಕೇ ಬಿಡಲಿಲ್ಲ. "ಬಿಟ್ಟುಹೋದವನಿಗೋಸ್ಕರ ನೀನ್ಯಾಕಮ್ಮ ಕೊರಗ್ತೀಯ, ಅವನು ಅಲ್ಲಿ ಚೆನ್ನಾಗಿದಾನೆ" ಅಂತ ಸಿನಿಮಾ ಅಕ್ಕನ ಹಾಗೆ ಬುದ್ಧಿ ಬೇರೆ ಹೇಳಿದೆ. ಅವಳು ಹೂಂ ಅಂದಳು. ಮುಂದಿನ ಎರಡು ಮಂಗಳವಾರ ಬರಲೇ ಇಲ್ಲ.

ಅವಳು ಒಂದು ಬಾಗಿಲು ಅರ್ಧ ತೆಗೆದು ನೋಡಿದ್ದಳು, ನಾನು ‘ಅವನು’ ಅಂತ ಮುಚ್ಚಿಬಿಟ್ಟೆ. ಆಮೇಲೆ ಅವಳೇ ಹೇಳಿದಳು: "ನೀವು ಅವನು ಅಂದಾಗ, ಸರಿ, ಇಲ್ಲೂ ಇಲ್ಲ ಅನ್ಕೊಂಡೆ."

ಮೆಹಂದಿ

ಮತ್ತೆ ಬಿದ್ದಿದ್ದಳು ಅಂತ ತಾಯಿ ಬಲವಂತ ಮಾಡಿ ಕರೆತಂದಾಗ ಗಣೇಶನ ಹಬ್ಬ ಮುಗಿದಿತ್ತು. ಆ ದಿನ ನಾನು ಹೆಚ್ಚು ಕೇಳಲಿಲ್ಲ. ಮದುವೆಗೆ ಹೋಗಿದ್ಯಾ ಅಂದೆ. ಹೋಗಿದ್ದೆ ಅಂದಳು. ಅಲ್ಲಿ ಏನು ಮಾಡಿದೆ?

"ಕೈಗೆ ಮೆಹಂದಿ ನಾನೇ ಹಾಕ್ದೆ."

"ಯಾರ ಕೈಗೆ?"

"ಅವರ ಕೈಗೆ."

ನನಗೆ ಒಂದು ಕ್ಷಣ ಹಿಡಿಯಿತು. ಗಂಡಿನ ಕೈಗೆ ಮೆಹಂದಿ ಹಾಕಲು ಇವಳನ್ನು ಯಾಕೆ ಕರೆದರು ಅಂತ ಯೋಚಿಸುತ್ತಿದ್ದೆ. ಪೆನ್ನು ಕೆಳಗಿಟ್ಟೆ. ಅವಳು ತನ್ನ ಎಡಗೈಯನ್ನು ಬಲಗೈ ಬೆರಳಿನಿಂದ ತೋರಿಸುತ್ತಾ ಹೇಳುತ್ತಿದ್ದಳು, ಮೊಣಕೈಯಿಂದ ಶುರು ಮಾಡಿ ಕೆಳಗೆ ಬಂದೆ, ಬಳ್ಳಿ, ನವಿಲು, ಅಂಗೈಯಲ್ಲಿ ಕಮಲ. ಎರಡು ಕೈಗೆ ಆರು ಕೋನ್ ಆಯಿತು. ರಾತ್ರಿ ಎರಡು ಗಂಟೆ. ಚಪ್ಪರದಲ್ಲಿ ಹುಡುಗರು ಹಾಡು ಹಾಕಿದ್ದರು. ಬಳ್ಳಿಯ ಮಧ್ಯೆ ಗಂಡಿನ ಹೆಸರು ಬಚ್ಚಿಡಬೇಕು, ಅದು ಪದ್ಧತಿ. ಏನು ಬರೀಲಿ ಅಂತ ಕೇಳಿದಳಂತೆ. ಆ ಹುಡುಗಿ ಹೆಸರು ಹೇಳಿ, "ಚಿಕ್ಕದಾಗಿ ಬರಿಯೇ" ಅಂದಳಂತೆ.

"ಚಿಕ್ಕದಾಗೇ ಬರೆದೆ ಮೇಡಂ."

ಅಲ್ಲಿಂದ ಮುಂದೆ ‘ಅವರು’ ಹೋಗಿ ‘ಅವಳು’ ಬಂತು. ನಲವತ್ತು ನಿಮಿಷ ಅವಳೇ ಮಾತಾಡಿದಳು. ಹೊರಗೆ ಸಾಲು ಬೆಳೆಯುತ್ತಿತ್ತು, ಯಾರೋ ಬಾಗಿಲು ತಳ್ಳಿ ನೋಡಿದರು, ಕುರ್ಚಿ ತಡೆಯಿತು.

ಒಂದೇ ಲೈನಿನಲ್ಲಿ ಇಬ್ಬರೂ. ಇವಳು ಕಾಲರ್, ಅವಳು ಕಫ್. ಬೆಳಗ್ಗೆ ಏಳಕ್ಕೆ ಫ್ಯಾಕ್ಟರಿ ಗಾಡಿ, ಹಿಂದಿನಿಂದ ಎರಡನೇ ಸೀಟು. ಟಾರ್ಗೆಟ್ ಮುಗಿಯದ ದಿನ ಒಬ್ಬರ ಪೀಸು ಇನ್ನೊಬ್ಬರು ಹೊಲಿದುಕೊಡುವುದು. ಊಟದ ಡಬ್ಬಿ ಅದಲು ಬದಲು, ಅವರೆಕಾಯಿ ಕಾಲದಲ್ಲಿ ಅವಳ ಅಮ್ಮನ ಹಿದಕವರೆ ಸಾರು ಇವಳಿಗೆ. ಗೆಳತಿಯರು ಅಂತ ಎಲ್ಲರಿಗೂ ಗೊತ್ತು. ಎರಡೂ ಮನೆಯಲ್ಲಿ ಒಬ್ಬರ ಹತ್ತಿರ ಒಬ್ಬರು ರಾತ್ರಿ ಉಳಿದುಕೊಂಡರೆ ಯಾರೂ ಕೇಳುತ್ತಿರಲಿಲ್ಲ. ಹುಡುಗ ಹುಡುಗಿ ಆಗಿದ್ದರೆ ಊರು ಎರಡಾಗುತ್ತಿತ್ತು, ಅಲ್ವಾ? ಇವರಿಗೆ ಬಚ್ಚಿಟ್ಟುಕೊಳ್ಳುವುದು ಸುಲಭವಾಗಿತ್ತು. ಮದುವೆ ನಿಲ್ಲಿಸಲು ಒಂದು ಮಾತು ಆಡುವುದೂ ಅದೇ ಕಾರಣಕ್ಕೆ ಅಸಾಧ್ಯವಾಗಿತ್ತು. ಇಲ್ಲದ್ದನ್ನು ಯಾರ ಹತ್ತಿರ ಕೇಳುವುದು?

ವೈಶಾಖದಲ್ಲಿ ಮದುವೆ. ಗಂಗಾ ಮೊದಲ ತಿಂಗಳು ತಡೆದುಕೊಂಡಳು. ಆಷಾಢಕ್ಕೆ ಕಾದಿದ್ದಳು. ಹೊಸ ಮದುಮಗಳು ಆಷಾಢದಲ್ಲಿ ತವರಿಗೆ ಬರಬೇಕಲ್ಲ, ಒಂದು ತಿಂಗಳು ಅವಳು ನಮ್ಮೂರ ಪಕ್ಕದಲ್ಲೇ ಇರುತ್ತಾಳೆ ಅಂತ. ಬಂದಳು. ತಾಳಿ, ಕಾಲುಂಗುರ, ಹೊಸ ಸೀರೆ. ದೇವಸ್ಥಾನದ ಕಟ್ಟೆ ಮೇಲೆ ಕೂತು ಗಂಡನ ಮನೆ ವಿಷಯ ಹೇಳಿದಳು. ಅತ್ತೆ ಬೈಯಲ್ಲ, ಮನೆಯಲ್ಲಿ ಫ್ರಿಡ್ಜ್ ಇದೆ. "ಕಷ್ಟ ಇದೆ ಅಂದಿದ್ರೆ ತಡ್ಕೋತಿದ್ದೆ ಮೇಡಂ. ಚೆನ್ನಾಗಿದೀನಿ ಅಂದ್ಲು." ಅದೇ ಭಾನುವಾರ ಗಂಡ ಬೈಕಿನಲ್ಲಿ ಬಂದ. ಗಂಗಾ ಮೊದಲ ಸಲ ಬಿದ್ದದ್ದು ಆ ಸಂಜೆ.

ಗಂಗಾ ಸೇರಿಸಿದ ಸಾಲು ಇಲ್ಲಿಗೆ ಸೇರಬೇಕು. "ಅವಳು ನಂಗೆ ಮೋಸ ಮಾಡ್ಲಿಲ್ಲ ಅಂತ ಬರೀರಿ. ಅವಳಿಗೂ ದಾರಿ ಇರ್ಲಿಲ್ಲ."

ದುಃಖಕ್ಕೆ ಬಂದವರು ಯಾರು

ಗಂಡ ಸತ್ತರೆ ಹನ್ನೊಂದು ದಿನ ಮನೆ ತುಂಬಾ ಜನ. ಮದುವೆ ಮುರಿದರೆ ಪಂಚಾಯ್ತಿ. ಹುಡುಗ ಕೈಕೊಟ್ಟರೆ ಗೆಳತಿಯರಾದರೂ ಸೇರಿ ಅವನನ್ನು ಬೈಯುತ್ತಾರೆ. ಇವಳ ಮನೆಗೆ ಬಂದದ್ದು ಮದುವೆಯ ಲಾಡು. ತಿಂದು ಚೆನ್ನಾಗಿದೆ ಅನ್ನಬೇಕಾಯಿತು. ಸಮಾಜ ಒಪ್ಪದ ಸಂಬಂಧ ಕಡಿದಾಗ ಆಗುವ ಈ ಬಗೆಯ ದುಃಖದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1980ರ ದಶಕದಲ್ಲೇ ಬರೆದಿದ್ದಾರೆ. ದುಃಖಪಡುವ ಹಕ್ಕೇ ಇಲ್ಲದವರ ದುಃಖ ಅದು. ಓದಿದ್ದೆ ನಾನು, ಪರೀಕ್ಷೆಗೆ. ಎದುರಿಗೆ ಕೂತಾಗ ಗುರುತಿಸಲು ನಾಲ್ಕು ವಾರ ಬೇಕಾಯಿತು.

ಇನ್ನೊಂದು ಭಾರ ಇದಕ್ಕೂ ಹಳೆಯದು. ಇಲಾನ್ ಮೇಯರ್ ಎಂಬ ಸಂಶೋಧಕ 2003ರಲ್ಲಿ ಪ್ರಕಟಿಸಿದ ಲೇಖನ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಸಲಿಂಗಿಗಳಲ್ಲಿ ಖಿನ್ನತೆ, ಆತಂಕ ಜಾಸ್ತಿ ಕಾಣುವುದು ಅವರ ಪ್ರೀತಿಯಿಂದಲ್ಲ, ಸುತ್ತಲಿನ ತಿರಸ್ಕಾರ ಮತ್ತು ಅದರ ಭಯದಲ್ಲಿ ದಿನವೂ ಬದುಕುವುದರಿಂದ ಅನ್ನುವುದು ಅದರ ಸಾರ. ಗಂಗಾ ಅದನ್ನು ಹೇಳಿದ್ದು ಹೀಗೆ: "ಮನೇಲಿ ಅವಳ ಹೆಸರು ದಿನಕ್ಕೆ ಎಷ್ಟು ಸಲ ಹೇಳ್ದೆ ಅಂತ ಲೆಕ್ಕ ಇಡ್ತಿದ್ದೆ. ಮೂರಕ್ಕಿಂತ ಜಾಸ್ತಿ ಆಗ್ಬಾರ್ದು." ನಾಲ್ಕು ವರ್ಷ, ದಿನಾ ಈ ಲೆಕ್ಕ.

ಅವಳ ಪ್ರಶ್ನೆಗಳು

ಮೊದಲ ಪ್ರಶ್ನೆ, "ಇದು ಕಾಯಿಲೆನಾ? ಆಗಿದ್ರೆ ಅದಕ್ಕೂ ಮಾತ್ರೆ ಕೊಡಿ." ಅಲ್ಲ ಅಂದೆ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೀತಿಯನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ, ನೀನು ಹುಟ್ಟುವ ಮೊದಲೇ. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆ ಅಲ್ಲ ಅಂತ ಹೇಳಿದೆ. ಕೊಟ್ಟಿರುವ ಮಾತ್ರೆ ನಿನ್ನ ದುಃಖಕ್ಕೆ, ಪ್ರೀತಿಗಲ್ಲ. ಇದನ್ನು ಬಿಡಿಸಿ ಹೇಳಬೇಕಾಯಿತು, ಯಾಕೆಂದರೆ ಈ ಮಾತ್ರೆ ನುಂಗಿದರೆ ಆ ಹುಡುಗಿ ಮರೆತೇಹೋಗುತ್ತಾಳೆ ಅಂತ ಹೆದರಿ ವಾರಕ್ಕೆ ಮೂರೇ ನುಂಗುತ್ತಿದ್ದಳು! ಇದು ನನಗೆ ಹೊಳೆದೇ ಇರಲಿಲ್ಲ.

ಬದಲಾಯಿಸೋಕೆ ಆಗುತ್ತಾ ಅಂತಲೂ ಕೇಳಿದಳು. ಆಗುವುದಿಲ್ಲ. ಬದಲಾಯಿಸುತ್ತೇನೆ ಅಂತ ದುಡ್ಡು ಕೇಳುವವರು ಇದ್ದಾರೆ, ಅವರ ಹತ್ತಿರ ಹೋಗಬೇಡ ಅಂದೆ. 2021ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಮನೆಯವರಿಗೆ ಹೆದರಿ ಓಡಿಬಂದಿದ್ದ ಇಬ್ಬರು ಹುಡುಗಿಯರ ಕೇಸು ಬಂತು. ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು ಈ ವಿಷಯ ತಮಗೇ ಸರಿಯಾಗಿ ತಿಳಿದಿಲ್ಲ ಅಂತ ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋಗಿ ಕೂತು ತಿಳಿದುಕೊಂಡು ಆಮೇಲೆ ಆದೇಶ ಬರೆದರು. ಅದರ ಮುಂದುವರಿಕೆಯಾಗಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಇಂಥ ‘ಪರಿವರ್ತನೆ ಚಿಕಿತ್ಸೆ’ ಮಾಡುವುದು ವೈದ್ಯರ ದುರ್ನಡತೆ ಅಂತ ಹೇಳಿತು. ಜಡ್ಜು ಕೂಡ ಪಾಠ ಕಲಿತರು ಅನ್ನುವ ಭಾಗ ಗಂಗಾಗೆ ಇಷ್ಟವಾಯಿತು. ನನ್ನ ಕಡೆ ನೋಡಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪೊಲೀಸರು? 2018ರ ಸೆಪ್ಟೆಂಬರ್ 6ರಿಂದ ವಯಸ್ಕರಿಬ್ಬರು ಒಪ್ಪಿ ಇರುವುದು ಅಪರಾಧವಲ್ಲ, ಸುಪ್ರೀಂ ಕೋರ್ಟೇ ಹೇಳಿದೆ. ಅದು ಬೆಂಗಳೂರಿಗೆ ಮಾತ್ರ ಅಂದುಕೊಂಡಿದ್ದಳು. ಹಾಗಾದರೆ ಮದುವೆ? ಅದು ಇಲ್ಲ, 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಆ ಹಕ್ಕು ಸಿಗಲಿಲ್ಲ ಅಂದೆ. "ಬಿಡಿ, ಅವಳಿಗೆ ಆಯ್ತಲ್ಲ ಮದ್ವೆ" ಅಂದಳು.

ತನ್ನನ್ನು ಏನಂತ ಕರೆದುಕೊಳ್ಳಬೇಕು ಅನ್ನುವ ಪ್ರಶ್ನೆ ಅವಳಿಗೆ ಇರಲಿಲ್ಲ. ‘ಸಲಿಂಗಿ’ ಅನ್ನುವ ಪದ ಫೋನಿನ ಸುದ್ದಿಯಲ್ಲಿ ಕೊಲೆ, ಆತ್ಮಹತ್ಯೆಗಳ ಜೊತೆ ಮಾತ್ರ ನೋಡಿದ್ದಳು. ಅದು ಬೇಡ ಅಂದಳು. "ನಂಗೆ ಅವಳು ಇಷ್ಟ. ಮುಂದೆ ಯಾರಾದ್ರೂ ಇಷ್ಟ ಆದ್ರೆ ಹುಡುಗೀನೇ ಇರ್ಬೇಕು. ಅಷ್ಟೇ." ನಾನು ಯಾವ ಪದವನ್ನೂ ಅವಳಿಗೆ ಹೊರಿಸಲಿಲ್ಲ.

ಆ ದಿನ ಫೈಲಿನಲ್ಲಿ ಏನು ಬರೆಯುವುದು ಅಂತ ಯೋಚನೆಯಾಯಿತು. ಹೊರರೋಗಿ ಚೀಟಿ ನರ್ಸ್ ಕೈಗೆ ಹೋಗುತ್ತದೆ, ಔಷಧಿ ಕೊಡುವವರ ಕೈಗೆ ಹೋಗುತ್ತದೆ, ಕೊನೆಗೆ ತಮ್ಮನ ಕೈಗೆ. ಕರೆತಂದ ಆಶಾ ಕಾರ್ಯಕರ್ತೆ ಅದೇ ಊರಿನವರು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗುಟ್ಟು ಕಾಪಾಡುವುದು ರೋಗಿಯ ಹಕ್ಕು, ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ ಅಂತಲೂ ಅದರಲ್ಲಿದೆ. ಕಾಯ್ದೆ ಇದ್ದರೂ ಬಾಗಿಲಿಗೆ ಚಿಲಕ ಬೇಕಲ್ಲ. ಚೀಟಿಯಲ್ಲಿ ‘ಆಪ್ತರೊಬ್ಬರ ಅಗಲಿಕೆ, ಖಿನ್ನತೆ’ ಅಂತ ಬರೆದು, ಹಿಂದೆ ಬರೆದಿದ್ದ ‘ಹುಡುಗ’ ಅನ್ನುವುದನ್ನು ಹೊಡೆದುಹಾಕಿದೆ. ಅವಳಿಗೆ ತೋರಿಸಿದೆ.

ಮನೆ

ಮನೆಯಲ್ಲಿ ಯಾರಿಗಾದರೂ ಹೇಳಬೇಕಾ? ಸಿನಿಮಾದಲ್ಲಿ, ರೀಲ್ಸಿನಲ್ಲಿ ಎಲ್ಲರ ಮುಂದೆ ನಿಂತು ಹೇಳಿ ಅಪ್ಪಿಕೊಳ್ಳುತ್ತಾರೆ. ಅದೇ ಮನೆಯಲ್ಲಿ ಮಲಗಿ, ಅದೇ ಮನೆಯ ಮುದ್ದೆ ತಿಂದು, ಸಂಬಳವನ್ನು ಅಪ್ಪನ ಕೈಗೆ ಕೊಡುವವಳಿಗೆ ಆ ಸಲಹೆ ಕೊಡುವುದು ನನ್ನ ಪ್ರಕಾರ ಬೇಜವಾಬ್ದಾರಿ. ಯಾರಿಗೆ ಹೇಳಿದರೆ ನಿನಗೆ ಪೆಟ್ಟು ಬೀಳುವುದಿಲ್ಲ, ಕೆಲಸ ಬಿಡಿಸುವುದಿಲ್ಲ, ಮಾರನೇ ದಿನವೇ ಗಂಡು ಹುಡುಕುವುದಿಲ್ಲ, ಅಂಥವರ ಪಟ್ಟಿ ಮಾಡು ಅಂದೆ. ಪಟ್ಟಿಯಲ್ಲಿ ಒಂದೇ ಹೆಸರು ಬಂತು. ಸೋದರತ್ತೆ.

ಹುಳದ ಮನೆ ನೋಡಿಕೊಳ್ಳುವವರು ಅವರೇ. ನೀವು ರೇಷ್ಮೆ ಸೀಮೆಯವರಲ್ಲದಿದ್ದರೆ ಒಂದು ಮಾತು. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ರೋಗ ತಗುಲುತ್ತದೆ, ದೃಷ್ಟಿಯಾಗುತ್ತದೆ, ಕಾರಣ ಎರಡೂ. ಒಳಗೆ ಹೋಗುವವರು ಕಾಲು ತೊಳೆದು, ಸುಣ್ಣ ತುಳಿದು ಹೋಗಬೇಕು. ಬಾಗಿಲು ಹಾಕಿದ್ದರೆ ಯಾಕೆ ಹಾಕಿದಿ ಅಂತ ಯಾರೂ ಕೇಳುವುದಿಲ್ಲ. ಇಡೀ ಮನೆಯಲ್ಲಿ ಗುಟ್ಟಿನ ಜಾಗ ಅಂತ ಇದ್ದದ್ದು ಅದೊಂದೇ. ನಿದ್ದೆ ಹೇಗೂ ಬರುತ್ತಿಲ್ಲವಲ್ಲ, ರಾತ್ರಿ ಹತ್ತೂವರೆಯ ಸೊಪ್ಪು ಹಾಕುವ ಪಾಳಿ ನೀನು ತಗೋ ಅಂತ ನಾನೇ ಹೇಳಿದ್ದೆ. ಖಿನ್ನತೆಯಲ್ಲಿ ಕೈಗೆ ಒಂದು ಹೊತ್ತಿನ ಕೆಲಸ ಬೇಕು, ಮನಸ್ಸು ಬರಲಿ ಅಂತ ಕಾಯಬಾರದು. ಹನ್ನೊಂದಕ್ಕೆ ಮುಗಿಸಿ ಮಲಗುವುದು, ಬೆಳಗ್ಗೆ ಆರಕ್ಕೆ ಏಳುವುದು.

ದಸರಾ ಆದ ಮೇಲೆ ಒಂದು ರಾತ್ರಿ, ತಟ್ಟೆಗಳ ಮೇಲೆ ಸೊಪ್ಪು ಹರಡುತ್ತಾ ಹೇಳಿದಳಂತೆ. ಅತ್ತೆ ತಲೆ ಎತ್ತದೆ, "ಆ ಹುಡುಗಿ ಹೋದಾಗಿಂದ ಹಿಂಗಾದೆ ಅಂತ ನಂಗೊತ್ತು" ಅಂದರಂತೆ. ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಅತ್ತೆ ಮುಂದುವರಿಸಿದರು. ಮದುವೆ ಆದ್ರೆ ಎಲ್ಲ ಮರೆತುಹೋಗ್ತದೆ, ಎಲ್ಲರೂ ಹಂಗೇ ಬದುಕಿದ್ದು ಅಂದರು. ಎರಡು ದಿನ ಇವಳ ಜೊತೆ ಮಾತು ಬಿಟ್ಟರು. ಮೂರನೇ ದಿನ ಅವರೇ ಊಟಕ್ಕೆ ಕರೆದರು.

ಕಾರ್ತಿಕದ ಹೊತ್ತಿಗೆ ಚಿಂತಾಮಣಿ ಕಡೆಯಿಂದ ಒಂದು ಸಂಬಂಧ ಬಂತು. ಗಂಗಾ ಮತ್ತೆ ಬಿದ್ದಳು. ಆ ರಾತ್ರಿ ಅತ್ತೆ ತಮ್ಮನ ಮುಂದೆ, ಅಂದರೆ ಗಂಗಾಳ ಅಪ್ಪನ ಮುಂದೆ, ಒಂದು ಮಾತು ಆಡಿದರು. "ಹುಡುಗಿಗೆ ಗುರುಬಲ ಇಲ್ಲ. ಬರೋ ದೀಪಾವಳಿವರೆಗೂ ಮದುವೆ ಮಾತು ಬೇಡ." ಜ್ಯೋತಿಷ್ಯರನ್ನು ಕೇಳಿದ್ದಾರಾ? ಇಲ್ಲ. ಗುರು ಎಲ್ಲಿದ್ದಾನೋ ಅವರಿಗೆ ಗೊತ್ತೇ ಇಲ್ಲ. ಆದರೆ ಗುರುಬಲ ಇಲ್ಲ ಅಂದ ಮೇಲೆ ನಮ್ಮ ಕಡೆ ಯಾವ ಅಪ್ಪ ತಾನೇ ಮುಂದೆ ಹೆಜ್ಜೆ ಇಡುತ್ತಾನೆ? ಒಂದು ವರ್ಷ ಸಿಕ್ಕಿತು. ವಯಸ್ಕ ಹೆಣ್ಣಿಗೆ ಬಲವಂತದ ಮದುವೆ ಮಾಡುವಂತಿಲ್ಲ, ಮಹಿಳಾ ಸಹಾಯವಾಣಿ 181 ಇದೆ ಅಂತ ನಾನು ಅವಳಿಗೆ ಹೇಳಿಕೊಟ್ಟಿದ್ದೆ, ಅದು ಬೇಕಾದಾಗ ಬೇಕು. ಆದರೆ ಆ ವಾರ ಅವಳನ್ನು ಉಳಿಸಿದ್ದು ಇಲ್ಲದ ಗುರುಬಲ. ಸುಳ್ಳಿನ ಮೇಲೆ ಚಿಕಿತ್ಸೆ ನಡೆಸುವುದು ಸರಿಯಾ ಅಂತ ವೈದ್ಯರ ಜೊತೆ ಚರ್ಚೆ ಮಾಡಿದೆ. ಅವರು ಚಹಾ ಕುಡಿಯುತ್ತಾ, "ನೀವು ಹೇಳಿದ್ದಲ್ಲವಲ್ಲ" ಅಂದರು.

ತಾಯಿಗೆ ಹೇಳಿಲ್ಲ. ಅವರು ಒಂದು ದಿನ ಒಬ್ಬರೇ ಬಂದು ನನ್ನ ಮುಂದೆ ಕೂತರು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, "ಯಾವನಾದ್ರೂ ಹುಡುಗನಾ ಮೇಡಂ? ಬೇರೆ ಜಾತಿಯವನಾದ್ರೂ ಪರವಾಗಿಲ್ಲ, ಅವರಪ್ಪನ್ನ ನಾನು ಒಪ್ಪಿಸ್ತೀನಿ" ಅಂದರು. ಅಷ್ಟು ದೂರ ಬಂದಿದ್ದರು ಆ ತಾಯಿ. ಇಂಥ ಪ್ರಶ್ನೆ ಬಂದರೆ ಏನು ಹೇಳಬೇಕು ಅಂತ ಗಂಗಾ ಮೊದಲೇ ನನಗೆ ಹೇಳಿದ್ದಳು, "ಹುಡುಗ ಯಾರೂ ಇಲ್ಲ ಅನ್ನಿ, ಅದು ನಿಜಾನೇ." ಅದನ್ನೇ ಹೇಳಿದೆ. "ಉಸ್ಸಪ್ಪಾ" ಅಂತ ತಾಯಿ ಬೆನ್ನು ಕುರ್ಚಿಗೆ ಆನಿಸಿದರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಬೆಂಗಳೂರು

ಬೆಂಗಳೂರಿನಲ್ಲಿ ಇಂಥವರು ಸೇರುವ ಗುಂಪುಗಳು 1990ರ ದಶಕದಿಂದಲೂ ಇವೆ. 2008ರಿಂದ ಇವರೆಲ್ಲ ಬಹಿರಂಗವಾಗಿ ಸೇರಿ ನಡೆಯುವ ಪ್ರೈಡ್ ಮೆರವಣಿಗೆಯೂ ಇದೆ. ನಿನ್ನಂಥವರು ತುಂಬಾ ಜನ ಇದ್ದಾರೆ, ಒಂದು ಸಲ ನೋಡಿ ಬಾ ಅಂತ ಉತ್ಸಾಹದಿಂದ ಕಳಿಸಿದೆ. ಚಿಕ್ಕಪೇಟೆಯಲ್ಲಿ ಸೀರೆ ತರಬೇಕು ಅಂತ ಮನೆಯಲ್ಲಿ ಹೇಳಿ ಒಂದು ಭಾನುವಾರ ಹೋದಳು. ಒಳ್ಳೆಯ ಜನ, ನೀರು ಕೊಟ್ಟರು, ಹೆಸರು ಕೇಳಿದರು. ಆದರೆ ಮಾತೆಲ್ಲ ಇಂಗ್ಲಿಷು. ಎಲ್ಲರೂ ಮನೆಯಲ್ಲಿ ಹೇಳಿದ ದಿನದ ಕಥೆ ಹೇಳುತ್ತಿದ್ದರು. ಆರೂವರೆ ಬಸ್ಸಿಗೆ ಎದ್ದು ಬಂದಳು. ಮತ್ತೆ ಹೋಗಲಿಲ್ಲ.

ನನಗೆ ಪೆಚ್ಚಾಯಿತು. ಆದರೆ ಅಲ್ಲಿ ತುಮಕೂರು ಕಡೆಯ ಒಬ್ಬ ಹೆಂಗಸು ಸಿಕ್ಕಿದ್ದರು, ನಲವತ್ತು ದಾಟಿದವರು, ಅಂಗಡಿ ಇಟ್ಟುಕೊಂಡಿರುವವರು. ಬಸ್ ನಿಲ್ದಾಣದವರೆಗೂ ಜೊತೆಗೆ ಬಂದು ನಂಬರ್ ಕೊಟ್ಟರು. ಈಗ ವಾರಕ್ಕೆರಡು ಸಲ ಊಟದ ಬಿಡುವಿನಲ್ಲಿ ಫೋನು. ಏನು ಮಾತಾಡುತ್ತೀರಿ ಅಂತ ಕೇಳಿದೆ. "ಏನಿಲ್ಲ ಮೇಡಂ, ಏನು ಸಾರು ಮಾಡಿದ್ರಿ, ಅಂಗಡೀಲಿ ವ್ಯಾಪಾರ ಹೆಂಗೆ, ಅದೇ. ಅವರ ಹತ್ರ ಮಾತಾಡುವಾಗ ಹೆಸರು ಎಷ್ಟು ಸಲ ಬಂತು ಅಂತ ಲೆಕ್ಕ ಇಡಲ್ಲ." ನನ್ನ ಆರು ತಿಂಗಳ ಮಂಗಳವಾರಗಳಿಗಿಂತ ಈ ಫೋನು ಜಾಸ್ತಿ ಕೆಲಸ ಮಾಡಿದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಇಂಥ ಒಬ್ಬೊಬ್ಬರು ನಮ್ಮ ಜಿಲ್ಲೆಯಲ್ಲೇ ಸಿಕ್ಕಿದರೆ ಎಷ್ಟು ಒಳ್ಳೆಯದಿತ್ತು.

ಈಗ

ಅಂಕಗಳು 19ರಿಂದ ಕಾರ್ತಿಕದಲ್ಲಿ 13ಕ್ಕೆ, ಸಂಕ್ರಾಂತಿಗೆ 7ಕ್ಕೆ ಇಳಿದವು. ಬೀಳುವುದು ಆ ಸಂಬಂಧ ಬಂದ ರಾತ್ರಿಯೇ ಕೊನೆ. ನಾಲ್ಕು ಕೆಜಿ ವಾಪಸ್ ಬಂದಿದೆ. ಫ್ಯಾಕ್ಟರಿಗೆ ಹೋಗುತ್ತಿದ್ದಾಳೆ, ಲೈನ್ ಬದಲಾಯಿಸಿಕೊಂಡಿದ್ದಾಳೆ, ಹಿಂದಿನಿಂದ ಎರಡನೇ ಸೀಟಿನಲ್ಲಿ ಕೂರುವುದಿಲ್ಲ. ಸಂಬಳದಲ್ಲಿ ಒಂದು ಪಾಲು ಅತ್ತೆಯ ಹೆಸರಿನಲ್ಲಿ ಪೋಸ್ಟ್ ಆಫೀಸಿಗೆ ಹೋಗುತ್ತಿದೆ. ದೀಪಾವಳಿ ಹೊತ್ತಿಗೆ ಬೇರೆ ಊರಿನ ಫ್ಯಾಕ್ಟರಿಗೆ ಸೇರಿ ಹಾಸ್ಟೆಲಿನಲ್ಲಿ ಇರಬೇಕು ಅನ್ನುವುದು ಅವಳ ಲೆಕ್ಕ. ಗುರುಬಲಕ್ಕೂ ಅವಧಿ ಇದೆಯಲ್ಲ.

ಮಾಘದಲ್ಲಿ ಆ ಹುಡುಗಿಗೆ ತವರಿನಲ್ಲಿ ಹೆರಿಗೆಯಾಯಿತು. ಬಾಣಂತನಕ್ಕೆ ಅಂತ ತಿಂಗಳುಗಟ್ಟಲೆ ಎರಡು ಕಿಲೋಮೀಟರ್ ದೂರದಲ್ಲೇ ಇರುತ್ತಾಳೆ. ಆ ವಾರ ಗಂಗಾಳ ಅಂಕ ಮತ್ತೆ 11ಕ್ಕೆ ಏರಿತು. ಮಾತ್ರೆ ಕಡಿಮೆ ಮಾಡುವ ಯೋಚನೆ ಮುಂದಕ್ಕೆ ಹಾಕಿದೆವು. ನೋಡಲು ಹೋಗಬೇಕಾ ಬೇಡವಾ ಅಂತ ಎರಡು ಮಂಗಳವಾರ ಮಾತಾಡಿದೆವು. ನಾನು ಯಾವ ಕಡೆಯೂ ಹೇಳಲಿಲ್ಲ. ಕೊನೆಗೆ ಅತ್ತೆಯ ಜೊತೆ ಹೋದಳು, ಫ್ಯಾಕ್ಟರಿಯ ತುಂಡು ಬಟ್ಟೆಯಲ್ಲಿ ಒಂದು ಕುಲಾವಿ ಹೊಲಿದುಕೊಂಡು. ಇಪ್ಪತ್ತು ನಿಮಿಷ ಇದ್ದು ಬಂದಳು. ಆ ಹುಡುಗಿ ತುಂಬಾ ಸೊರಗಿದ್ದಾಳೆ, ಮಾತು ಕಡಿಮೆಯಾಗಿದೆ ಅಂದಳು. ಅವಳನ್ನೂ ಯಾರಾದರೂ ಕೇಳಬೇಕಿತ್ತು ಅಂತ ನನಗೆ ಅನ್ನಿಸಿತು. ಅವಳು ನನ್ನ ರೋಗಿಯಲ್ಲ. ಬಾಣಂತಿಯರ ಮನಸ್ಸಿನ ಬಗ್ಗೆ ಆ ಊರಿನ ಆಶಾ ಕಾರ್ಯಕರ್ತೆಗೆ, ಹೆಸರು ಎತ್ತದೆ, ನಾಲ್ಕು ಮಾತು ಹೇಳಿದೆ.

ನನ್ನ ಪ್ರಶ್ನೆ ಈಗ ಬದಲಾಗಿದೆ. ಹುಡುಗ, ಹುಡುಗಿ ಅಂತ ಹೇಳುವುದಿಲ್ಲ. "ಮನಸ್ಸಿಗೆ ಹತ್ತಿರದವರು ಯಾರಾದರೂ ಇದ್ದಾರಾ?" ಅಂತ ಕೇಳಿ, ‘ಅವರು’ ಅಂದರೆ ನಾನೂ ‘ಅವರು’ ಅನ್ನುತ್ತೇನೆ. ಸಂಕ್ರಾಂತಿ ಆದಮೇಲೆ ಇಬ್ಬರು ‘ಅವರು’ ಬಂದಿದ್ದಾರೆ. ಯಾರು ಅಂತ ಇನ್ನೂ ಹೇಳಿಲ್ಲ.

ಕಳೆದ ಸಲ ಗಂಗಾ ಎದ್ದು ಹೊರಡುವಾಗ ಮುಂದಿನ ಮಂಗಳವಾರದ ತಾರೀಖು ಬರೆಯಲು ಹೋದೆ.

"ಬರೋ ವಾರ ಬೇಡ ಮೇಡಂ. ಹುಳ ನಾಲ್ಕನೇ ಜ್ವರ ಎದ್ದಿರ್ತವೆ, ಸೊಪ್ಪು ಹಾಕೋಕೆ ಕೈ ಸಾಲಲ್ಲ. ಗೂಡು ಬಿಡಿಸಿದ ಮೇಲೆ ಬರ್ತೀನಿ."

ಹುಳ ಪೊರೆ ಬಿಡಲು ಮಲಗುವುದಕ್ಕೆ ರೇಷ್ಮೆ ಸೀಮೆಯಲ್ಲಿ ಜ್ವರ ಅನ್ನುತ್ತಾರೆ. ಮೂರು ವಾರ ಬಿಟ್ಟು ತಾರೀಖು ಹಾಕಿದೆ.